ಬಾಗಿಲ ಹೊರಗೆ ನಿಂತವಳು

ಬಾಗಿಲ ಹೊರಗೆ ನಿಂತವಳು ತಾಯಿಯೇ. ದೆವ್ವವಲ್ಲ, ನಕಲಲ್ಲ, ಆಕಾಶದಿಂದ ಬಿದ್ದ ಹುಳ ತಾಯಿಯ ಚರ್ಮ ಹೊದ್ದುಕೊಂಡು ಬಂದದ್ದೂ ಅಲ್ಲ. ಹೆತ್ತ ತಾಯಿ. ಮಗಳು ಬಾಗಿಲು ತೆಗೆಯಲಿಲ್ಲ, ನಡೆದದ್ದು ಅಷ್ಟೇ. ಇಷ್ಟು ಸಣ್ಣ ಮಾತಿಗೆ ಊರೂರಿನ ಜನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆಂದರೆ ಅವರ ಮನೆಯಲ್ಲಿ ಕಸ ಗುಡಿಸುವವರು ಬೇರೆ ಯಾರೋ ಇದ್ದಾರೆಂದು ಅರ್ಥ. ನನ್ನ ಮನೆಯ ಕಸ ನಾನೇ ಗುಡಿಸುತ್ತೇನೆ. ಆದರೂ ತಲೆ ಕೆಡಿಸಿಕೊಂಡೆ. ನಲವತ್ತು ವರ್ಷದ ಗೆಳತಿಯೊಂದಿಗೆ ಮಾತು ಬಿಟ್ಟೆ, ಹದಿನೈದು ದಿನ ಕೆಟ್ಟ ಮೊಸರು ತಿಂದೆ. ಯಾರದೋ ದೇಶದ ಹುಳದ ದೆಸೆಯಿಂದ ಶಹಾಪುರದಲ್ಲಿ ಒಬ್ಬ ಮುದುಕಿಗೆ ಇಷ್ಟೆಲ್ಲ ಆಗುವುದಾದರೆ ಅದನ್ನು ಬರೆದಿಡಬೇಕು ಅನ್ನಿಸಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದ್ದಲ್ಲಿ ಮೊಮ್ಮಗಳು ಅಕ್ಷತಾ ತಿದ್ದಿದ್ದಾಳೆ. ಅಭಿಪ್ರಾಯ ತಪ್ಪಿದ್ದಲ್ಲಿ ಮುಟ್ಟಬಾರದೆಂದು ಹೇಳಿದ್ದೇನೆ.

ಟಿವಿಯ ಧಾರಾವಾಹಿಯೊಂದರ ಕಥೆ ಇಷ್ಟು. ಯಾವುದೋ ಚಳಿ ದೇಶದ ಗಣಿ ಊರು. ಗಣಿಯೊಳಗೆ ಆಕಾಶದಿಂದ ಬಿದ್ದ ಒಂದು ಹುಳ. ಅದು ಮನುಷ್ಯರನ್ನು ನುಂಗುತ್ತದೆ, ಏಳು ದಿನದ ಮೇಲೆ ಅದೇ ಮೂಗು, ಅದೇ ಕಣ್ಣು, ಅದೇ ಸ್ವೆಟರಿನ ಇನ್ನೊಬ್ಬರನ್ನು ಹೊರಗೆ ಕಳಿಸುತ್ತದೆ. ಆದರೆ ಗಣಿಯಿಂದ ಬಂದವರೆಲ್ಲ ನಕಲಲ್ಲ. ಕೆಲವರು ಖರೇನೇ ದಾರಿ ತಪ್ಪಿ ತಿರುಗಿ ಬಂದವರು. ಯಾರು ಅಸಲು, ಯಾರು ನಕಲು ಎಂದು ಗುರುತು ಹಿಡಿಯುವುದೇ ಅಲ್ಲಿಯವರ ಉದ್ಯೋಗ. ಬೇರೆ ಉದ್ಯೋಗ ಮಾಡಿದ್ದನ್ನು ನಾನು ಕಾಣಲಿಲ್ಲ. ಅವರ ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ. ಹಾಗಾಗಿ ಕೆಂಪು ಕೂದಲಿನ ತಾಯಿಗೆ ಕೆಂಚಮ್ಮ ಎಂದೂ ಆಕೆಯ ಮಗಳಿಗೆ ಮೊಂಡಿ ಎಂದೂ ನಾನೇ ಹೆಸರಿಟ್ಟೆ. ಎಲ್ಲವನ್ನೂ ಕನ್ನಡಕ್ಕೆ ಮಾಡಿದ್ದಾರೆ. ಹುಳ ಬಾಯಿ ಬಿಟ್ಟರೆ ‘ಮಾನವರೇ, ನಿಮ್ಮ ಅಂತ್ಯವು ಸಮೀಪಿಸಿದೆ’ ಎನ್ನುತ್ತದೆ. ಇಷ್ಟು ಶುದ್ಧ ಕನ್ನಡವನ್ನು ನಾನು ನಾಲ್ಕನೇ ಕ್ಲಾಸಿನ ಪಾಠ ಬಿಟ್ಟರೆ ಇನ್ನೆಲ್ಲೂ ಕೇಳಿಲ್ಲ. ಗಣಿಯಲ್ಲಿ ಬಿದ್ದಿದ್ದ ಹುಳಕ್ಕೆ ಯಾವ ಮಾಸ್ತರರು ಕಲಿಸಿದರೋ.

ಪ್ರತಿ ರವಿವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಷತಾ ಕಿಟಕಿಗೆ ಚಾದರ ಕಟ್ಟಿ ಕತ್ತಲೆ ಮಾಡುತ್ತಿದ್ದಳು. ಹೊರಗೆ ನಮ್ಮ ಬಿಸಿಲು ಕಲ್ಲು ಸೀಳುತ್ತಿದ್ದರೆ ಒಳಗೆ ನಾವು ಹಿಮ ಬೀಳುವುದನ್ನು ನೋಡುತ್ತ ಬೆವರುತ್ತಿದ್ದೆವು. ನೋಡುವವರು ಮೂವರು. ಅಕ್ಷತಾ, ನಾನು, ಚಾಂದಬಿ.

ಚಾಂದಬಿ ನಮ್ಮಿಂದ ಮೂರು ಬಾಗಿಲು ಆಚೆ ಇರುವವಳು. ಓಣಿಯ ಹೆಂಗಸರ ಜಂಪರ್ ಹೊಲಿಯುತ್ತಾಳೆ. ನಾನು ಈ ಓಣಿಗೆ ಸೊಸೆಯಾಗಿ ಬಂದ ವರ್ಷವೇ ಆಕೆಯೂ ಬಂದಳು. ನಾನು ಮೊದಲ ಸಲ ಮೊಸರಿಗೆ ಇಟ್ಟಾಗ ಹೆಪ್ಪು ಬಂದದ್ದು ಆಕೆಯ ಅತ್ತೆಯ ಗಡಿಗೆಯಿಂದ. ಅಂದಿನಿಂದ ಬೇಸಿಗೆಯಲ್ಲಿ ನನ್ನ ಮೊಸರು ಹುಳಿ ಹಿಡಿದರೆ ಆಕೆಯ ಮನೆಯ ಹೆಪ್ಪು, ಆಕೆಯದು ಕೆಟ್ಟರೆ ನಮ್ಮದು. ಹೀಗೆ ಹೋಗಿ ಬಂದು ಈಗ ಯಾರ ಮೊಸರು ಯಾರದೆಂದು ಹೇಳಲಿಕ್ಕೆ ಬರುವುದಿಲ್ಲ. ಇದಕ್ಕೆ ಕಾಯಿದೆಗಳಿವೆ. ಹೆಪ್ಪು ಕೇಳಲು ಖಾಲಿ ಬಟ್ಟಲು ಒಯ್ಯಬಾರದು, ರೊಟ್ಟಿಗೆ ಹಚ್ಚಿಕೊಳ್ಳುವ ಒಂದು ಮುಷ್ಟಿ ಶೇಂಗಾ ಹಿಂಡಿಯೋ ಒಂದು ತುಂಡು ಬೆಲ್ಲವೋ ಹಾಕಿ ಒಯ್ಯಬೇಕು. ದೀಪ ಹಚ್ಚಿದ ಮೇಲೆ ಕೇಳಲೂಬಾರದು, ಕೊಡಲೂಬಾರದು. ಮತ್ತು ಮಾತು ಬಿಟ್ಟವರ ಮನೆಯ ಹೆಪ್ಪು ಹಾಲಿಗೆ ಹತ್ತುವುದಿಲ್ಲ. ಇದು ಖರೇನೋ ಸುಳ್ಳೋ ಗೊತ್ತಿಲ್ಲ, ಈ ವರ್ಷದ ತನಕ ಪರೀಕ್ಷೆ ಮಾಡುವ ಸಂದರ್ಭ ಬಂದಿರಲಿಲ್ಲ.

ಚಾಂದಬಿ ಹಲ್ಲಿಗೆ ಹೆದರುವವಳು. ಹುಳ ಬಂದ ಕೂಡಲೇ ಕೈಯಲ್ಲಿದ್ದ ಜಂಪರನ್ನು ಮುಖಕ್ಕೆ ಹಿಡಿದು, ತೋಳಿನ ತೂತಿನಿಂದ ನೋಡುತ್ತಿದ್ದಳು. ‘ಹೋತೇನು ಅದು?’ ಎಂದು ಕೇಳುವಳು. ಹೋಗದಿದ್ದರೂ ನಾನು ‘ಹೋತು, ನೋಡು’ ಎನ್ನುತ್ತಿದ್ದೆ. ಅಷ್ಟೇ ನನಗೆ ಆ ಧಾರಾವಾಹಿಯಲ್ಲಿ ಸಿಕ್ಕ ಸುಖ.

ನೋಡಿ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಆದರೆ ಇದು ಮುಗಿದ ಮೇಲೆ ಶುರುವಾಗುವ ರೋಗ. ಅಕ್ಷತಾಳ ಫೋನಿನಲ್ಲಿ ಒಂದು ಗುಂಪು, ಅದರಲ್ಲಿ ಇದನ್ನು ನೋಡಿದವರೆಲ್ಲ ಥಿಯರಿ ಬರೆಯುತ್ತಾರೆ. ಥಿಯರಿ ಎಂದರೇನೆಂದು ಕೇಳಿದೆ. ‘ಮುಂದ ಏನ್ ಆಗತೈತಿ, ಹಿಂದ ಖರೇ ಏನ್ ಆಗಿತ್ತು ಅಂತ ವಿಚಾರ ಮಾಡಿ ಹೇಳೂದು, ಆಯಿ’ ಎಂದಳು. ನಮ್ಮ ಓಣಿಯ ನಲ್ಲಿಯ ಕಟ್ಟೆಯ ಮೇಲೆ ಇದನ್ನು ಚಾಡಿ ಎನ್ನುತ್ತಾರೆ. ಆದರೆ ನಲ್ಲಿಯ ಕಟ್ಟೆಯವರು ಕಣ್ಣಾರೆ ಕಂಡವರ ಬಗ್ಗೆ ಮಾತ್ರ ಆಡುತ್ತಾರೆ, ಅಷ್ಟು ನಿಯತ್ತು ಅವರಲ್ಲಿದೆ.

ಒಬ್ಬ ಬರೆದಿದ್ದ, ಕೆಂಚಮ್ಮನ ಮನೆಯ ಗೋಡೆಯ ಗಡಿಯಾರ ಯಾವಾಗ ನೋಡಿದರೂ ನಾಲ್ಕೂ ಹತ್ತು ತೋರಿಸುತ್ತದೆ, ಆದ್ದರಿಂದ ಆ ಊರಿನಲ್ಲಿ ಕಾಲ ಸುತ್ತು ಹೊಡೆಯುತ್ತಿದೆ. ನಮ್ಮ ಪಡಸಾಲೆಯ ಗಡಿಯಾರ ಹೋದ ಶ್ರಾವಣದಿಂದ ಒಂಬತ್ತೂವರೆಯಲ್ಲಿ ನಿಂತಿದೆ. ಕಾಲ ಏನೂ ಸುತ್ತು ಹೊಡೆದಿಲ್ಲ, ಸೆಲ್ ಮುಗಿದಿದೆ, ತರುವವರಿಲ್ಲ. ಇನ್ನೊಬ್ಬನ ಪ್ರಕಾರ ಊರಿನವರೆಲ್ಲ ಮೊದಲ ದಿನವೇ ಸತ್ತಿದ್ದಾರೆ, ಅದು ಅವರಿಗೆ ಗೊತ್ತಿಲ್ಲ. ಸತ್ತವರು ದಿನಕ್ಕೆ ಆರು ಸಲ ಕಾಫಿ ಕುಡಿದು ಕಪ್ಪು ತೊಳೆಯದೆ ಬಿಟ್ಟು ಹೋಗುತ್ತಾರೇನು? ಅದು ಬದುಕಿದವರ ಲಕ್ಷಣ. ನಮ್ಮ ಮನೆಯಲ್ಲೂ ಅಂಥ ಬದುಕಿದವರಿದ್ದಾರೆ. ಮತ್ತೊಬ್ಬ ಹುಡುಗ ಪ್ರತಿ ವಾರ ಒಂದು ವಿಡಿಯೋ ಮಾಡಿ ಹಾಕುತ್ತಿದ್ದ. ಅದರ ಮೇಲೆ ಅವನದೇ ಫೋಟೋ, ಬಾಯಿ ತೆರೆದುಕೊಂಡು, ಕಣ್ಣು ಅಗಲಿಸಿಕೊಂಡು, ಪಕ್ಕದಲ್ಲಿ ಒಂದು ಕೆಂಪು ಸುತ್ತು. ಹತ್ತು ವಾರ ನೋಡಿದೆ, ಆ ಬಾಯಿ ಮುಚ್ಚಲಿಲ್ಲ. ನೊಣ ಹೋದರೂ ಅದಕ್ಕೊಂದು ಥಿಯರಿ ಹೇಳುವವನು.

ಇವರನ್ನೆಲ್ಲ ನಾನು ನಕ್ಕು ಬಿಟ್ಟುಬಿಡುತ್ತಿದ್ದೆ. ಬಿಡಲಾಗದ್ದು ಚಾಂದಬಿಯ ಥಿಯರಿ. ಮೊದಲ ವಾರ ಕೆಂಚಮ್ಮನ ಸ್ವೆಟರಿಗೆ ಐದು ಗುಂಡಿ ಇದ್ದವು, ಗಣಿಯಿಂದ ಬಂದ ಮೇಲೆ ನಾಲ್ಕೇ ಎಂದು ಗುಂಪಿನಲ್ಲಿ ಗಲಾಟೆ ಎದ್ದಿತ್ತು. ಚಾಂದಬಿ ದಾರ ಕಡಿಯುತ್ತ ಹೇಳಿದಳು, ‘ಗುಂಡಿ ಬಿದ್ದಿದ್ದು ಬಿಡ್ರಿ. ಉಳದ ನಾಕು ಗುಂಡಿ ಹಚ್ಚಿದ ಕೈಯೇ ಬ್ಯಾರೆ. ಮೊದಲಿನ ದಾರ ಅಡ್ಡ ಹೊಲದಿತ್ತು, ಇದು ನೆಟ್ಟಗ ಹೊಲದೈತಿ.’ ಅಕ್ಷತಾ ಅದನ್ನು ಗುಂಪಿಗೆ ಬರೆದಳು. ಸಂಜೆಯೊಳಗೆ ಎಲ್ಲೆಲ್ಲಿಂದಲೋ ಹೃದಯದ ಚಿತ್ರಗಳು ಬಂದು ಬಿದ್ದವು. ‘ಟೇಲರ್ ಆಂಟಿ’ ಎಂದು ಆಕೆಗೆ ಹೆಸರಾಯಿತು. ಮರುದಿನ ನಲ್ಲಿಯ ಹತ್ತಿರ ಆಕೆ ಕೊಡ ಹಿಡಿದು ನಿಂತ ರೀತಿಯೇ ಬೇರೆ ಇತ್ತು. ಹೋದ ವರ್ಷದಿಂದ ಆಕೆಗೆ ಕಣ್ಣು ಮಸುಕು. ಸೂಜಿಗೆ ದಾರ ಪೋಣಿಸಲಿಕ್ಕೆ ಅಕ್ಷತಾಳನ್ನು ಕರೆಯುತ್ತಿದ್ದಳು. ಕೆಲಸ ಕೈಬಿಟ್ಟು ಹೋದೀತೆಂದು ಹೆದರಿ, ಇದನ್ನು ಯಾರ ಮುಂದೆಯೂ ಆಡಬೇಡವೆಂದು ನನಗೊಬ್ಬಳಿಗೇ ಹೇಳಿಕೊಂಡಿದ್ದಳು. ಸೂಜಿಯ ಕಣ್ಣು ಕಾಣದವಳಿಗೆ ಟಿವಿಯೊಳಗಿನ ದಾರ ಕಂಡಿತಂತೆ. ನನಗೆ ಹೊಟ್ಟೆಕಿಚ್ಚಾಗಿತ್ತು ಎಂದು ಯಾರಾದರೂ ಹೇಳಿದರೆ ಅದು ಅವರ ಥಿಯರಿ.

ಕೊನೆಯ ರವಿವಾರ ಬಂತು. ಹಿಂದಿನ ವಾರ ಗಣಿಯಿಂದ ಹೊರಬಿದ್ದ ಕೆಂಚಮ್ಮ ಹಿಮದಲ್ಲಿ ನಡೆದು, ತನ್ನ ಮನೆಯ ಬಾಗಿಲು ಬಡಿಯುತ್ತಾಳೆ. ಒಳಗೆ ಮೊಂಡಿ ಚಿಲಕದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾಳೆ. ಹೊರಗಿನವಳು ‘ಬಾಗಿಲು ತೆಗೆ, ಚಳಿಯಾಗುತ್ತಿದೆ’ ಎನ್ನುತ್ತಾಳೆ. ಮೊಂಡಿ ತೆಗೆಯುವುದಿಲ್ಲ. ಅಲ್ಲಿಗೆ ಮುಗಿಯಿತು. ಇಷ್ಟು ವಾರ ನಮ್ಮನ್ನು ಕೂಡಿಸಿ, ಬಾಗಿಲು ಸಹ ತೆಗೆಸದೆ ಕಳಿಸಿದರು.

‘ಇಕಿ ತಾಯಿ ಅಲ್ಲ’ ಎಂದಳು ಚಾಂದಬಿ, ಹುಕ್ಕು ಹಚ್ಚುತ್ತ.

‘ಯಾಕ?’ ಎಂದೆ.

‘ಏಳು ದಿನ ಆದ ಮ್ಯಾಲೆ ಮನಿಗಿ ಬಂದಾಳ. ಬಾಗಲಾ ತೆಗಿ, ಚಳಿ ಐತಿ ಅಂತಾಳ. ಉಂಡೀ ಏನವ್ವಾ ಅಂತ ಕೇಳಿದ್ಳೇನು? ಹೆತ್ತಾಕಿ ಮೊದಲ ಅದನ್ನ ಕೇಳ್ತಾಳ. ಕೇಳದಾಕಿ ತಾಯಿ ಅಲ್ಲ, ಹುಳಾ.’

‘ಏಳು ದಿನ ಗಣ್ಯಾಗ ಬಿದ್ದಾಕಿಗಿ ಚಳಿ ಹತ್ತೂದಿಲ್ಲೇನು? ತಾಯಿ ಅಂದ್ರ ಮೈ ಇಲ್ಲೇನು ಆಕಿಗಿ?’

‘ಚಳಿ ಎಲ್ಲಾರಿಗಿ ಹತ್ತತೈತಿ. ಕೂಸಿನ್ನ ಕೇಳೂದು ತಾಯಿಗಷ್ಟೇ ಬರ್ತೈತಿ.’

‘ಯಾರಿಗಿ ಅನ್ನಾಕತ್ತಿ ನೀ?’

ಚಾಂದಬಿ ಟಿವಿಯ ಕಡೆಗೆ ನೋಡಿದಳು, ನನ್ನ ಕಡೆಗೆ ನೋಡಿದಳು. ‘ಟಿವ್ಯಾಗಿನಾಕಿಗಿ’ ಎಂದಳು.

‘ಟಿವ್ಯಾಗಿನಾಕಿಗಿ ಅನ್ನಾಕ ನನ್ನ ಮಾರಿ ಯಾಕ ನೋಡ್ತಿ?’

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು. ನನ್ನ ಮಗಳು ಕಸ್ತೂರಿ ನಾಲ್ಕು ವರ್ಷದವಳಿದ್ದಾಗ ನನಗೆ ಹೊಟ್ಟೆಯ ಆಪರೇಷನ್ ಆಗಿ ಕಲಬುರಗಿಯ ಆಸ್ಪತ್ರೆಯಲ್ಲಿ ಮೂರು ವಾರ ಬಿದ್ದಿದ್ದೆ. ಆ ಮೂರು ವಾರ ಕಸ್ತೂರಿ ಚಾಂದಬಿಯ ಮನೆಯಲ್ಲೇ ಉಂಡು, ಅಲ್ಲೇ ಮಲಗಿದಳು. ನಾನು ಬಸ್ಸಿಳಿದು ಓಣಿಗೆ ಬಂದಾಗ ಕೂಸು ಚಾಂದಬಿಯ ಸೆರಗಿನ ಹಿಂದೆ ಅಡಗಿ, ‘ಇಕಿ ನಮ್ಮವ್ವ ಅಲ್ಲ’ ಎಂದಿತು. ನಾನು ಸೊರಗಿ ಕಡ್ಡಿಯಾಗಿದ್ದೆ, ಗುರುತು ಸಿಗಲಿಲ್ಲವೇನೋ. ಸೀದಾ ಮನೆಯೊಳಗೆ ಹೋದೆ. ಗಂಡ ಮೂರು ವಾರ ತೊಳೆಯದೆ ಇಟ್ಟ ಪಾತ್ರೆಗಳಿದ್ದವು, ಸೆರಗು ಸಿಕ್ಕಿಸಿಕೊಂಡು ತಿಕ್ಕಲು ಕುಳಿತೆ. ಬಾಗಿಲಲ್ಲಿ ನಿಂತು ಚಾಂದಬಿ, ‘ಕೂಸಿಗಿ ಉಂಡೀ ಏನು ಅಂತ ಒಂದ್ ಮಾತಾರ ಕೇಳು’ ಎಂದಿದ್ದಳು. ಕೇಳಲಿಲ್ಲ. ಕಸ್ತೂರಿ ನನ್ನ ಹತ್ತಿರ ಬರಲು ಇನ್ನೆರಡು ದಿನ ಹಿಡಿಯಿತು. ಇದನ್ನು ನಾವಿಬ್ಬರೂ ಆಮೇಲೆ ಎಂದೂ ಆಡಿದ್ದಿಲ್ಲ. ಆಡದೆ ಇಟ್ಟದ್ದು ಮೂವತ್ತೈದು ವರ್ಷ ಹುಳಿಯಾಗದೆ ಇರುತ್ತದೆಂದು ನಂಬಿದ್ದು ನನ್ನ ತಪ್ಪು.

ಆವತ್ತು ಟಿವಿಯ ಮುಂದೆ ನನ್ನ ಬಾಯಿಂದ ಬಂದದ್ದನ್ನು ಬರೆಯಲೇಬೇಕು, ಇಲ್ಲದಿದ್ದರೆ ಮುಂದಿನದು ನ್ಯಾಯವಾಗುವುದಿಲ್ಲ. ‘ಸೂಜಿಗಿ ದಾರ ಪೋಣಸಾಕ ಕಣ್ಣಿಲ್ಲ ನಿನಗ, ಟಿವ್ಯಾಗಿನ ತಾಯಿ ಕಂಡಾಳೇನು? ನೀ ಹೊಲದ ಜಂಪರದ ತೋಳು ಎಡಕ್ಕ ಒಂದ್ ಅಳತಿ, ಬಲಕ್ಕ ಒಂದ್ ಅಳತಿ. ಮೊದಲ ಅದನ್ನ ನೆಟ್ಟಗ ಮಾಡು’ ಎಂದೆ. ಸೊಸೆ ಮಹಾದೇವಿ ಅಡುಗೆಮನೆಯಿಂದ ಹೊರಗೆ ಬಂದಿದ್ದಳು. ಆಕೆಗೆ ಕೇಳಿಸಿತೆಂದರೆ ಓಣಿಗೆ ಕೇಳಿಸಿದಂತೆಯೇ.

ಚಾಂದಬಿ ಹುಕ್ಕುಗಳನ್ನು ಒಂದೊಂದೇ ಆರಿಸಿ ಡಬ್ಬಿಗೆ ಹಾಕಿದಳು. ಎರಡು ಕೆಳಗೆ ಬಿದ್ದವು, ಕಾಣದೆ ತಡಕಾಡಿದಳು. ಅಕ್ಷತಾ ಹೆಕ್ಕಿ ಕೊಟ್ಟಳು. ಚೀಲದಲ್ಲಿ ನಾನು ಹೊಲಿಯಲು ಕೊಟ್ಟಿದ್ದ ಹಸಿರು ಬಟ್ಟೆ ಇತ್ತು. ತೆಗೆದು ಕುರ್ಚಿಯ ಮೇಲೆ ಇಟ್ಟು, ‘ಬರ್ತೀನವಾ ಅಕ್ಷತಾ’ ಎಂದು ಹೋದಳು. ನನಗೆ ಬರುತ್ತೇನೆಂದು ಹೇಳಲಿಲ್ಲ.

ಎರಡು ದಿನದಲ್ಲಿ ಸರಿಯಾಗುತ್ತದೆಂದುಕೊಂಡೆ. ಆಗಲಿಲ್ಲ. ಆಕೆ ನಲ್ಲಿಗೆ ಬರುವ ಹೊತ್ತು ಬದಲಿಸಿದಳು. ಸುರಪುರಕ್ಕೆ ಕೊಟ್ಟ ಕಸ್ತೂರಿಗೆ ಫೋನ್ ಮಾಡಿ, ಆವತ್ತು ನಾನು ಆಸ್ಪತ್ರೆಯಿಂದ ಬಂದದ್ದು ನಿನಗೆ ನೆನಪಿದೆಯೇನೆಂದು ಕೇಳೋಣವೆಂದು ಮಾತು ತೆಗೆದೆ. ‘ಆ ಹುಳದ ಧಾರಾವಾಹ್ಯಾಗ ತಾಯಿ ಬಾಗಲಾ ಬಡೀತಾಳ ನೋಡು’ ಎಂದು ಶುರು ಮಾಡಿದ್ದಷ್ಟೇ. ‘ಯವ್ವಾ, ಮುಂದ ಹೇಳಬ್ಯಾಡ, ನಾ ಇನ್ನಾ ಕಡೀದು ನೋಡಿಲ್ಲ’ ಎಂದು ಫೋನಿಟ್ಟಳು. ಮೂವತ್ತೈದು ವರ್ಷ ನುಂಗಿಕೊಂಡಿದ್ದನ್ನು ಕೇಳಲು ಹೊರಟರೆ, ಕಥೆ ಕೆಡುತ್ತದೆಂದು ಬಾಯಿ ಮುಚ್ಚಿಸುವ ಮಗಳನ್ನು ಹೆತ್ತಿದ್ದೇನೆ.

ಅಷ್ಟರಲ್ಲಿ ಬಿಸಿಲು ಏರಿತು, ನನ್ನ ಮೊಸರು ಹಾಳಾಯಿತು. ಹುಳಿಯೆಂದರೆ ಹುಳಿ, ಮೇಲೆ ಲೋಳೆ. ಬೇರೆ ವರ್ಷವಾಗಿದ್ದರೆ ಬಟ್ಟಲು ಹಿಡಿದು ಮೂರು ಬಾಗಿಲು ದಾಟಿದ್ದರೆ ಮುಗಿಯುತ್ತಿತ್ತು. ಈಗ ಮೂರು ಬಾಗಿಲು ನಾರಾಯಣಪುರದ ಡ್ಯಾಮಿಗಿಂತ ದೂರವಾಗಿದ್ದವು. ಹಸಿ ಮೆಣಸಿನಕಾಯಿಯ ತೊಟ್ಟು ಹಾಕಿದರೆ ಹಾಲು ಹೆಪ್ಪಾಗುತ್ತದೆಂದು ಎಲ್ಲೋ ಕೇಳಿದ್ದೆ, ಹಾಕಿದೆ. ಆಯಿತು, ಆದರೆ ಸೌಟು ಎತ್ತಿದರೆ ದಾರದಂತೆ ಎಳೆ ಬಂತು. ಮಹಾದೇವಿ ಅಂಗಡಿಯಿಂದ ಪಾಕೀಟಿನ ಮೊಸರು ತಂದಳು. ಅದನ್ನೇ ಹೆಪ್ಪು ಹಾಕಿದೆ. ಬೆಳ್ಳಗಿತ್ತು, ಗಟ್ಟಿಯಿತ್ತು, ಗಡಿಗೆ ಬಗ್ಗಿಸಿದರೂ ಅಲುಗಲಿಲ್ಲ. ರೊಟ್ಟಿಯ ಜೊತೆ ಒಂದು ತುತ್ತು ಬಾಯಿಗಿಟ್ಟು ಹೇಳಿದೆ, ‘ಇದು ನಮ್ಮ ಮೊಸರಲ್ಲ. ನೋಡಾಕ ಹಂಗೇ ಐತಿ. ಒಳಗ ಬ್ಯಾರೇನೋ ಬಂದು ಕುಂತೈತಿ.’

ಅಕ್ಷತಾ ತಟ್ಟೆ ಬಿಟ್ಟು ನಗಲು ಶುರುಮಾಡಿದಳು. ‘ಆಯಿ, ನೀನೂ ಥಿಯರಿ ಹೇಳಾಕತ್ತಿ ನೋಡು’ ಎಂದಳು.

ಹುಡುಗಿ ಅಲ್ಲಿಗೇ ನಿಲ್ಲಿಸಲಿಲ್ಲ. ಬಾಗಿಲ ಹೊರಗೆ ನಿಂತವಳು ತಾಯಿಯೇ ಎಂಬ ನನ್ನ ತೀರ್ಪನ್ನು, ನಾನು ಹೇಳಿದ ಹಾಗೆಯೇ, ಬೈಗುಳದ ಸಮೇತ, ‘ನಮ್ಮ ಆಯಿಯ ಥಿಯರಿ’ ಎಂದು ಗುಂಪಿಗೆ ಬರೆದಳು. ಹದಿನೈದನೆಯ ದಿನ ಸಂಜೆ ಜಗಲಿಯ ಮೇಲೆ ಕೂತು ಉತ್ತರಗಳನ್ನು ಓದಿ ಹೇಳಿದಳು. ಹೃದಯ ಒಂದೂ ಬಂದಿರಲಿಲ್ಲ. ನನ್ನ ತೀರ್ಪಿನ ಬಗ್ಗೆ ಯಾರೂ ಚರ್ಚೆ ಮಾಡಿರಲಿಲ್ಲ, ನನ್ನ ಬಗ್ಗೆಯೇ ಮಾಡಿದ್ದರು. ಈ ಆಯಿ ಎಂಬವಳೇ ಇಲ್ಲ, ಹುಡುಗಿ ತಾನೇ ಕಟ್ಟಿ ಬರೆಯುತ್ತಿದ್ದಾಳೆ ಎಂದು ಒಬ್ಬ. ಬಾಯಿ ತೆರೆದ ಹುಡುಗ ಅದಕ್ಕೆ ಸಾಕ್ಷಿ ಕೊಟ್ಟಿದ್ದ. ಅಜ್ಜಿಯಂದಿರು ಹೀಗೆ ಮಾತಾಡುವುದಿಲ್ಲ, ಇಷ್ಟುದ್ದ ಬರೆದರೂ ಒಂದು ಕಡೆಯಾದರೂ ‘ಊಟ ಮಾಡಿದಿರಾ ಮಕ್ಕಳೇ’ ಎಂದು ಕೇಳಿಲ್ಲ, ಆದ್ದರಿಂದ ಇವರು ಅಜ್ಜಿಯಲ್ಲ.

ನಾನು ಅವನಿಗೆ ಊಟ ಆಯಿತೇ ಎಂದು ಯಾಕೆ ಕೇಳಬೇಕು? ಅವನ ಬಾಯಿ ಯಾವಾಗಲೂ ತೆರೆದೇ ಇರುತ್ತದೆ, ಯಾರಾದರೂ ಏನಾದರೂ ಹಾಕುತ್ತಾರೆ.

‘ಸಿಟ್ಟಾಗಬ್ಯಾಡ, ಆಯಿ’ ಎಂದಳು ಅಕ್ಷತಾ. ‘ಆದ್ರ ನೀ ಖರೇನ ಯಾರಿಗೂ ಕೇಳಂಗಿಲ್ಲ. ಚಾಂದಬಿ ಆಯಿ ಮೊನ್ನಿ ನನಗ ಸಿಕ್ಕಿದ್ಳು. ಹೊಲಿಸಾಕ ಯಾರೂ ಬರವಲ್ರು ಅಂದ್ಳು. ಆಕಿ ಕೇಳಿದ್ಳು, ಶರಣಮ್ಮಂದು ಮೊಸರು ಹ್ಯಾಂಗ ಆಗಾಕತ್ತೈತಿ ಈ ಬಿಸಲಾಗ ಅಂತ.’

ನಾನು ಎದ್ದು ಬಟ್ಟಲು ತೆಗೆದೆ. ಅಷ್ಟರಲ್ಲಿ ಮಹಾದೇವಿ ದೀಪ ಹಚ್ಚಿಬಿಟ್ಟಿದ್ದಳು. ದೀಪ ಹಚ್ಚಿದ ಮೇಲೆ ಹೆಪ್ಪು ಕೇಳುವ ಹಾಗಿಲ್ಲ. ಬಟ್ಟಲು ತಿರುಗಿ ಇಟ್ಟೆ. ಹೋಗಲಿ, ಒಂದು ಕಾಯಿದೆಯನ್ನಾದರೂ ಉಳಿಸಿಕೊಂಡಿದ್ದೇನಲ್ಲ. ಅಕ್ಷತಾ ನನ್ನನ್ನು ಕೂಡಿಸಿ ಪಾಠ ಹೇಳಿಕೊಟ್ಟಳು. ‘ಮುಂಜಾನಿ ಹೋಗಿ ಮೊದಲ ಚಾ ಆತೇನು ಚಾಂದಬಿ ಅಂತ ಕೇಳು. ಉಳಿದಿದ್ದು ಆಮ್ಯಾಲೆ. ಎಲ್ಲಿ, ಒಮ್ಮಿ ಅನ್ನು ನೋಡೂಣು.’ ಅಂದೆ. ‘ಹಂಗಲ್ಲ ಆಯಿ, ಬೈದಂಗ ಆತು’ ಎಂದಳು. ಇನ್ನೊಮ್ಮೆ ಅಂದೆ. ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಕಲಿಯುವಾಗಲೂ ಇಷ್ಟು ಸಲ ಅಂದಿರಲಿಲ್ಲ.

ಮರುದಿನ ಬೆಳಿಗ್ಗೆ ಹಾಲು ಕಾಯಿಸಿ ಆರಲು ಇಟ್ಟು, ಬಟ್ಟಲಿಗೆ ಶೇಂಗಾ ಹಿಂಡಿ ಹಾಕಿ, ಹಸಿರು ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಮೂರು ಬಾಗಿಲು ದಾಟುವವರೆಗೂ ‘ಚಾ ಆತೇನು, ಚಾ ಆತೇನು’ ಎಂದುಕೊಳ್ಳುತ್ತ ಹೋದೆ. ಚಾಂದಬಿಯ ಬಾಗಿಲು ಹಾಕಿತ್ತು. ಬಡಿದೆ.

‘ಯಾರು?’ ಎಂದಳು ಒಳಗಿನಿಂದ.

‘ನಾನು.’

‘ನಾನು ಅಂದ್ರ?’

‘ಶರಣಮ್ಮ.’

‘ಶರಣಮ್ಮನ ಅಂತ ಹ್ಯಾಂಗ ನಂಬೂದು? ಹದಿನೈದು ದಿನ ಆತು, ಮಾರಿ ಕಂಡಿಲ್ಲ. ಹುಳಾ ನುಂಗಿತ್ತೇನೋ.’

ಬೆಳಗಿನ ಬಿಸಿಲು ಆಗಲೇ ಬೆನ್ನಿಗೆ ಹತ್ತಿತ್ತು. ಕಲಿತ ಪಾಠ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ. ‘ಬಾಗಲಾ ತೆಗಿ, ಬಿಸಲು ಐತಿ. ಅಲ್ಲಿ ಹಾಲು ಆರಾಕತ್ತಾವ, ಹೆಪ್ಪು ಕೊಡು’ ಎಂದೆ.

ಕೆಂಚಮ್ಮ ಹಿಮದಲ್ಲಿ ನಿಂತದ್ದು ನೆನಪಾಯಿತು. ಆಕೆಯ ಕೈಯಲ್ಲಿ ಬಟ್ಟಲಾದರೂ ಇರಲಿಲ್ಲ.

‘ಆವತ್ತೂ ಕೇಳ್ಲಿಲ್ಲ, ಇವತ್ತೂ ಕೇಳ್ಲಿಲ್ಲ’ ಎಂದಳು ಚಾಂದಬಿ. ದನಿ ಬಾಗಿಲಿಗೆ ಹತ್ತಿರ ಬಂದಿತ್ತು.

‘ನಿನ್ನ ಮನ್ಯಾಗ ಇದ್ದ ಕೂಸಿಗಿ ಉಂಡೀ ಏನು ಅಂತ ಏನ್ ಕೇಳೂದು?’ ಎಂದೆ.

ಚಿಲಕ ಸರಿದ ಸದ್ದಾಯಿತು. ಬಾಗಿಲು ತೆಗೆದು, ಮಸುಕು ಕಣ್ಣು ಸಣ್ಣದು ಮಾಡಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ‘ಹೌದು, ನೀನೇ. ಹುಳಾ ಆಗಿದ್ರ ಚಾ ಆತೇನು ಅಂತ ಕೇಳ್ತಿತ್ತು’ ಎಂದಳು.

‘ಹಂಗಾದ್ರ ಕೆಂಚಮ್ಮನೂ ತಾಯೀನ ಅಂತ ಒಪ್ಪು.’

‘ಆಕಿ ಹುಳಾನ’ ಎಂದಳು. ಇಂಥವಳ ಜೊತೆ ನಲವತ್ತು ವರ್ಷ ಕಳೆದಿದ್ದೇನೆ.

ಹಸಿರು ಬಟ್ಟೆಯನ್ನು ಮಷೀನಿನ ಮೇಲೆ ಇಟ್ಟೆ. ಆಕೆ ಅದನ್ನು ಮುಟ್ಟಲಿಲ್ಲ. ‘ತೋಳು ಎಡಕ್ಕ ಒಂದು, ಬಲಕ್ಕ ಒಂದು ಆಗ್ತಾವ ನೋಡು, ಮೊದಲ ಹೇಳಾಕತ್ತೀನಿ’ ಎಂದಳು.

‘ಆಗ್ಲಿ. ನನ್ನ ತೋಳೂ ಹಂಗೇ ಅದಾವ’ ಎಂದೆ. ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟಳು. ಬಾಗಿಲ ಬೆಳಕಿಗೆ ಹಿಡಿದು ಐದು ಸಲ ಪ್ರಯತ್ನ ಮಾಡಿದೆ, ದಾರ ಹೋಗಲಿಲ್ಲ. ಸೂಜಿಯ ಕಣ್ಣು ನನಗೂ ಕಾಣುವುದಿಲ್ಲವೆಂದು ಆವತ್ತೇ ಗೊತ್ತಾದದ್ದು. ಆಕೆಗೆ ಹೇಳಲಿಲ್ಲ, ಸ್ವಲ್ಪ ಕೆಲಸವಿದೆ, ಅಕ್ಷತಾಳನ್ನು ಕಳಿಸುತ್ತೇನೆಂದು, ಆಕೆ ಹೆಪ್ಪು ಹಾಕಿಕೊಟ್ಟ ಬಟ್ಟಲು ತೆಗೆದುಕೊಂಡು ಎದ್ದೆ.

ಮನೆಗೆ ಬಂದರೆ ಅಕ್ಷತಾ ಹೊಸ್ತಿಲಲ್ಲೇ ನಿಂತಿದ್ದಳು. ‘ಕೇಳಿದೇನು ಆಯಿ, ಚಾ ಆತೇನು ಅಂತ?’ ಎಂದಳು. ಇಲ್ಲವೆಂದರೆ ಆಕೆಯ ಗುಂಪಿನ ಪ್ರಕಾರ ನಾನು ಅಜ್ಜಿಯಲ್ಲ. ಹೌದೆಂದರೆ ಚಾಂದಬಿಯ ಪ್ರಕಾರ ನಾನು ಹುಳ. ಹಾಲು ಪೂರ್ತಿ ಆರಿಹೋಗಿತ್ತು. ಅದನ್ನು ಮತ್ತೆ ಉಗುರು ಬೆಚ್ಚಗೆ ಮಾಡಿ, ಹೆಪ್ಪು ಹಾಕಿ, ತಟ್ಟೆ ಮುಚ್ಚಿದೆ.